ರುಮಾಲಿನವನು ಹೇಳಿದ ತಾಯಿ ಪಾಲು

ಸುಮಾರು ಇಪ್ಪತ್ತು ವರ್ಷ ನಾನು ಒಬ್ಬ ಸಿನಿಮಾ ವೀರನ ಕಟ್ಟಾ ಅಭಿಮಾನಿಯಾಗಿದ್ದೆ. ಆ ಇಪ್ಪತ್ತು ವರ್ಷಗಳಲ್ಲಿ ಅವನ ಒಂದೇ ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ, ನನಗೇನು! ನೋಡಿದವರಿಗಿಂತ ಅವನು ನನಗೇ ಚೆನ್ನಾಗಿ ಗೊತ್ತು ಎಂದು ಆಗಲೂ ವಾದ ಮಾಡುತ್ತಿದ್ದೆ, ಈಗಲೂ ಮಾಡುತ್ತೇನೆ.

ನಮ್ಮದು ಕುರುಗೋಡು. ಬಸವೇಶ್ವರ ಗುಡಿಗೆ ಹೋಗುವ ದಾರಿಯಲ್ಲಿ ಅಪ್ಪನ ಹೊಲಿಗೆ ಅಂಗಡಿಯಿತ್ತು. ಅರವತ್ತರ ದಶಕದ ಮಾತು. ತಿಂಗಳಿಗೊಮ್ಮೆ ಅಪ್ಪ ದಾರ, ಗುಂಡಿ, ಅಸ್ತರಿನ ಬಟ್ಟೆ ತರಲು ಬಳ್ಳಾರಿಗೆ ಹೋಗುತ್ತಿದ್ದ. ಕೌಲ್ ಬಜಾರಿನಲ್ಲಿ ಸಾಮಾನು ಕಟ್ಟಿಸಿ, ಗಂಟನ್ನು ಅಂಗಡಿಯವನ ಹತ್ತಿರವೇ ಬಿಟ್ಟು, ಮಧ್ಯಾಹ್ನದ ಆಟಕ್ಕೆ ಸಿನಿಮಾ ನೋಡಿ, ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದ. ಬಳ್ಳಾರಿಯಲ್ಲಿ ಆಗ ತೆಲುಗು ಸಿನಿಮಾಗಳದ್ದೇ ದರಬಾರು. ಅಪ್ಪನಿಗೆ ತೆಲುಗು ಎಷ್ಟು ಬರುತ್ತಿತ್ತು ಎಂದರೆ, ಯಾರಾದರೂ ಬೈದರೆ ತಿಳಿಯುವಷ್ಟು, ತಿರುಗಿ ಬೈಯಲು ಆಗದಷ್ಟು.

ಹಾಗೆ ನೋಡಿದ ಸಿನಿಮಾಗಳಲ್ಲಿ ಒಂದು ಅಂಬಿಗರ ಹುಡುಗನ ಕಥೆ. ಅವನು ತಲೆಗೆ ರುಮಾಲು ಸುತ್ತಿ, ಕೈಯಲ್ಲಿ ದೋಣಿಯ ಹುಟ್ಟು ಹಿಡಿದು ಊರೂರು ತಿರುಗುತ್ತಾನೆ. ಕತ್ತಿ ಹಿಡಿದು ಬಂದವರನ್ನೆಲ್ಲ ಅದೇ ಹುಟ್ಟಿನಿಂದ ಬಡಿಯುತ್ತಾನೆ. ಜನ ಮೆಚ್ಚಿದರೆಂದು ಎರಡು ಮೂರು ವರ್ಷಕ್ಕೊಂದರಂತೆ ಅವನ ಹೊಸ ಹೊಸ ಕಥೆಗಳು ಬರುತ್ತಲೇ ಹೋದವು. ಒಂದರಲ್ಲಿ ಮಾಂತ್ರಿಕ, ಇನ್ನೊಂದರಲ್ಲಿ ದುಷ್ಟ ಮಂತ್ರಿ, ಮತ್ತೊಂದರಲ್ಲಿ ನದಿಯ ನೀರನ್ನೇ ಕುಡಿದು ಬತ್ತಿಸುವ ರಾಕ್ಷಸ. ನಮ್ಮ ಮನೆಯಲ್ಲಿ ಅವನಿಗೆ ಬೇರೆ ಹೆಸರಿರಲಿಲ್ಲ, ರುಮಾಲಿನವನು ಎಂದರೆ ಸಾಕು.

ನಮ್ಮೂರಿನ ಟೆಂಟಿಗೆ ಆ ಸಿನಿಮಾಗಳು ಬರಲಿಲ್ಲ. ನನಗೂ ನನ್ನ ಇಬ್ಬರು ತಮ್ಮಂದಿರಿಗೂ ಅಪ್ಪನೇ ಸಿನಿಮಾ. ಬಸ್ಸಿಳಿದು ಬಂದು ಕೈಕಾಲು ತೊಳೆದು ಅಡುಗೆ ಮನೆಯ ಹೊಸ್ತಿಲಲ್ಲಿ ಕೂತನೆಂದರೆ ಕಥೆ ಶುರು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ನಾವು ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದೆವು. ಅಪ್ಪ ದರ್ಜಿಯ ಕಣ್ಣಿನಿಂದಲೇ ಸಿನಿಮಾ ನೋಡುತ್ತಿದ್ದ. "ಆ ರಾಕ್ಷಸನ ಎದಿ ಎಷ್ಟಿತ್ತಂತೀರಿ? ಐವತ್ತೆರಡು ಇಂಚು! ಕುತ್ತಿಗಿ ಇಪ್ಪತ್ತೆರಡು! ಅಂಥವಗ ಅಂಗಿ ಹೊಲೀಬೇಕಂದ್ರ ನಾಕು ಗಜ ಅರಿವಿ ಸಾಲಂಗಿಲ್ಲ" ಎನ್ನುತ್ತಿದ್ದ. ಸಣ್ಣ ತಮ್ಮ ಹೆದರಿ ನನ್ನ ಲಂಗ ಹಿಡಿದುಕೊಳ್ಳುತ್ತಿದ್ದ. ರಾಕ್ಷಸನ ಕೋರೆಹಲ್ಲಿಗಿಂತ ಆ ಇಂಚುಗಳೇ ಅವನನ್ನು ಹೆಚ್ಚು ಹೆದರಿಸುತ್ತಿದ್ದವು.

ರುಮಾಲಿನ ಬಣ್ಣ ಹಸಿರು ಎಂದು ಅಪ್ಪ ಮೊದಲ ದಿನವೇ ಹೇಳಿದ್ದ. ನಾವು ಮೂವರೂ ಅದನ್ನು ನಂಬಿದೆವು. ಅಂಗಡಿಯ ಚಿಂದಿ ಗಂಟಿನಲ್ಲಿ ಹಸಿರು ತುಂಡು ಸಿಕ್ಕರೆ ತಲೆಗೆ ಸುತ್ತಿಕೊಳ್ಳಲು ನಮ್ಮಲ್ಲೇ ಜಗಳ. ನಾನು ಹುಡುಗಿ, ರುಮಾಲು ಸುತ್ತಬಾರದು ಎಂದು ದೊಡ್ಡ ತಮ್ಮ ಅಂದದ್ದಕ್ಕೆ ಅವನ ಬೆನ್ನಿಗೆ ನಾನು ಲಟ್ಟಣಿಗೆಯಿಂದ ಕೊಟ್ಟ ಏಟು ಅವನಿಗೆ ಇನ್ನೂ ನೆನಪಿದೆ.

ಅವ್ವ ಕಥೆಯ ನಡುವೆ ಬಾಯಿ ಹಾಕುತ್ತಿದ್ದುದು ದೋಣಿಯ ವಿಷಯಕ್ಕೆ ಮಾತ್ರ. ಅವಳ ತವರು ಸಿರುಗುಪ್ಪ. ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು. ರುಮಾಲಿನವನು ಸುಳಿಯಲ್ಲಿ ದೋಣಿಯನ್ನು ಹೀಗೆ ತಿರುಗಿಸಿದ ಎಂದು ಅಪ್ಪ ಕೈ ಬೀಸಿದರೆ, "ಹಂಗ ತಿರುವಿದ್ರ ಮುಳುಗಿ ಹೋಗ್ತೈತಿ. ಹುಟ್ಟು ಆ ಕಡಿ ಹಾಕಬೇಕು" ಎಂದು ತಿದ್ದುತ್ತಿದ್ದಳು. ಅಪ್ಪ ಸುಮ್ಮನೆ ಕೈಯನ್ನು ಆ ಕಡೆ ಬೀಸುತ್ತಿದ್ದ.

ಪ್ರತಿ ಸಿನಿಮಾದಲ್ಲೂ ಒಂದು ದೃಶ್ಯ ತಪ್ಪದೆ ಇರುತ್ತಿತ್ತು. ರುಮಾಲಿನವನು ಮನೆ ಬಿಟ್ಟು ಹೊರಡುವ ಮುಂಚೆ ತಾಯಿ ಒಂದು ಬಟ್ಟಲು ಹಿಡಿದು ಎದುರು ನಿಲ್ಲುತ್ತಾಳೆ. ಬಟ್ಟಲ ತುಂಬ ಬೆಳ್ಳಗೆ ಏನೋ ಇರುತ್ತದೆ. ಅನ್ನ ಎಂದ ಅಪ್ಪ. ಮಗ ಆ ಬಟ್ಟಲಿನ ಮೇಲೆ ಅಂಗೈ ಇಟ್ಟು ಒಂದು ಮಾತು ಹೇಳುತ್ತಾನೆ: "ತಲ್ಲಿ ಪಾಲ ಮೀದ ಒಟ್ಟು." ಥಿಯೇಟರಿನಲ್ಲಿ ಸಿಳ್ಳೆಯೋ ಸಿಳ್ಳೆಯಂತೆ. ಅಪ್ಪ ಅದನ್ನು ನಮಗೆ ಬಿಡಿಸಿ ಹೇಳಿದ. "ತಲ್ಲಿ ಅಂದ್ರ ತಾಯಿ. ಮೀದ ಅಂದ್ರ ಮ್ಯಾಲ. ಉಳಿದದ್ದು ನಮ್ಮ ಮಾತನ ಐತಿ. ತಾಯಿ ಪಾಲು ಮ್ಯಾಲ ಒಟ್ಟು! ನಾ ಎಷ್ಟ ದೂರ ಹೋದ್ರೂ ಈ ಮನ್ಯಾಗ ಮೊದಲ ನಮ್ಮವ್ವನ ಪಾಲು ತಗದು ಒಟ್ಟಬೇಕು, ಆಮ್ಯಾಲ ಉಳಿದೋರು ಉಣಬೇಕು ಅಂತಾನ."

ನಮಗೆ ಅದರಲ್ಲಿ ಅನುಮಾನವೇ ಬರಲಿಲ್ಲ. ಸಗಣಿಯ ಕುಳ್ಳು ಒಟ್ಟುತ್ತೇವೆ, ಕಟ್ಟಿಗೆ ಒಟ್ಟುತ್ತೇವೆ, ತಾಯಿಯ ಪಾಲನ್ನೂ ಹಾಗೇ ಮೇಲಕ್ಕೆ ರಾಶಿಯಾಗಿ ಒಟ್ಟಬೇಕು. ಇದಕ್ಕಿಂತ ಸರಳವಾದ ಮಾತು ಯಾವುದಿದೆ?

ಅಪ್ಪ ಇದನ್ನು ಮೊದಲ ಸಲ ಹೇಳಿದ ಸಂಜೆಯೇ ಸಣ್ಣ ತಮ್ಮ ಎದ್ದ. ಅವನಿಗಾಗ ಐದು ವರ್ಷ. ಬುಟ್ಟಿಯಲ್ಲಿದ್ದ ಬಿಸಿ ರೊಟ್ಟಿಗಳಲ್ಲಿ ಎರಡನ್ನು ತೆಗೆದು, ಅವ್ವನ ಪಕ್ಕದಲ್ಲಿ ಒಂದು ತಾಟಿಟ್ಟು, ಅದರಲ್ಲಿ ಹಾಕಿ, ಮೇಲೆ ಪುಂಡಿಪಲ್ಲೆಯನ್ನು ಗುಡ್ಡದ ಹಾಗೆ ಒಟ್ಟಿದ. "ತಾಯಿ ಪಾಲು" ಎಂದ. ಅಪ್ಪ ಚಪ್ಪಾಳೆ ತಟ್ಟಿ ನಕ್ಕ. ಅವ್ವ ಹಿಟ್ಟಿನ ಕೈ ತೊಳೆದುಕೊಂಡು ಬಂದು, ಒಲೆಯಲ್ಲಿ ಇನ್ನೂ ಉರಿ ಇರುವಾಗಲೇ ಕೂತು ಉಂಡಳು. ಅಲ್ಲಿಯವರೆಗೆ ಅವಳು ಉಣ್ಣುವುದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ನಾವೆಲ್ಲ ಎದ್ದ ಮೇಲೆ ಅವಳದ್ದು ಎಲ್ಲೋ ಮೂಲೆಯಲ್ಲಿ ಮುಗಿಯುತ್ತಿತ್ತು.

ಅಂದಿನಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು. ಮಂಡಕ್ಕಿ ಇರಲಿ, ಸೇಂಗಾ ಇರಲಿ, ಹಬ್ಬದ ಹೋಳಿಗೆ ಇರಲಿ, ಮೊದಲು ಅವ್ವನ ಪಾಲು ಒಟ್ಟಿದ ಮೇಲೆಯೇ ನಮ್ಮ ಜಗಳ ಶುರು. ಓಣಿಯ ಹೆಂಗಸರು ಮೂಗು ಮುರಿದರು. "ನೋಡ್ರವ್ವಾ, ಗಂಡ ಇನ್ನಾ ಉಂಡಿಲ್ಲ, ಇಕಿ ಉಣ್ಣಾಕ ಕೂತಾಳ" ಎಂದರು. ಅಪ್ಪನದ್ದು ಒಂದೇ ಉತ್ತರ: "ಬಳ್ಳಾರ್ಯಾಗ ಪಿಚ್ಚರ್‌ನ್ಯಾಗ ಹೇಳ್ಯಾರ್ರಿ." ಸಿನಿಮಾದಲ್ಲಿ ಹೇಳಿದ್ದಾರೆಂದರೆ ಮುಗಿಯಿತು, ಅದಕ್ಕೆ ಎದುರಾಡುವವರು ಯಾರು?

ಮುಂದೆ ನಾನು ಓದಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದೆ. ಮದುವೆಯಾಗಿ ಬಳ್ಳಾರಿಗೆ ಬಂದೆ. ನಮ್ಮ ಓಣಿಯಲ್ಲಿ ಅರ್ಧ ಮನೆಗಳದ್ದು ತೆಲುಗು. ನಳದ ಹತ್ತಿರ ಕೊಡ ಇಟ್ಟು ಜಗಳವಾಡುತ್ತಲೇ ನನಗೆ ಅದು ಚೆನ್ನಾಗಿ ಬಂತು. ನನ್ನ ಸ್ವಭಾವವನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಪ್ಪು ಕಂಡರೆ ನನಗೆ ಕೈ ತುರಿಸುತ್ತದೆ. ಮಕ್ಕಳ ಪುಸ್ತಕ ಮಾತ್ರವಲ್ಲ, ಹೋಟೆಲಿನ ಫಲಕ, ಲಗ್ನಪತ್ರಿಕೆ, ಬಸ್ಸಿನ ಮೇಲಿನ ಊರ ಹೆಸರು, ಎಲ್ಲವನ್ನೂ ತಿದ್ದಬೇಕು. ಒಮ್ಮೆ ನಮ್ಮ ಹೆಡ್‌ಮಾಸ್ತರರ ಸುತ್ತೋಲೆಯನ್ನೇ ಕೆಂಪು ಶಾಯಿಯಲ್ಲಿ ತಿದ್ದಿ ಬೈಸಿಕೊಂಡವಳು ನಾನು. ಇಷ್ಟೆಲ್ಲ ಆದರೂ, ತೆಲುಗು ಬಂದ ಮೇಲೂ, ರುಮಾಲಿನವನ ಆ ಮಾತನ್ನು ನಾನು ಒಮ್ಮೆಯೂ ಬಿಚ್ಚಿ ನೋಡಲಿಲ್ಲ. ಚಿಕ್ಕಂದಿನಲ್ಲಿ ಬಾಯಿಪಾಠವಾದದ್ದನ್ನು ಯಾರು ಬಿಚ್ಚಿ ನೋಡುತ್ತಾರೆ? ಅದರಂತೆ ನಡೆದೆನೇ ಎಂದರೆ ಅದೂ ಇಲ್ಲ. ಗಂಡನ ಮನೆಯ ಪದ್ಧತಿ ಬೇರೆ. ಅಲ್ಲಿ ನಾನು ಕೊನೆಗೆ ಉಣ್ಣುವವಳು. ಕುರುಗೋಡಿನದು ಕುರುಗೋಡಿಗೆ ಎಂದುಕೊಂಡು ಸುಮ್ಮನಿದ್ದೆ.

ಎಂಬತ್ತರ ದಶಕ ಹುಟ್ಟಿದ ಮೇಲೆ, ಅವನ ಸಿನಿಮಾಗಳು ನಿಂತು ಎಷ್ಟೋ ವರ್ಷ ಕಳೆದ ಮೇಲೆ, ಒಂದು ದಿನ ಶಾಲೆಯಿಂದ ಬರುವಾಗ ಗೋಡೆಯ ಮೇಲೆ ಆಳೆತ್ತರದ ಪೋಸ್ಟರ್ ಕಂಡಿತು. ದೋಣಿ, ಹುಟ್ಟು, ರುಮಾಲು. ಹೊಸ ಕಥೆ, ಹೊಸ ನಾಯಕ, ಪೂರ್ತಿ ಬಣ್ಣದ್ದು. ನಾನು ಅಲ್ಲೇ ನಿಂತುಬಿಟ್ಟೆ. ಖುಷಿಯೋ ಖುಷಿ. ಹಿಂದೆಯೇ ಸಿಟ್ಟೂ ಬಂತು, ಯಾಕೆಂದರೆ ರುಮಾಲು ಕೆಂಪಗಿತ್ತು.

ಊರಿಗೆ ಕಾರ್ಡು ಬರೆದೆ. ಭಾನುವಾರ ಅಪ್ಪ ಅವ್ವ ಮೊದಲ ಬಸ್ಸಿಗೇ ಬಂದಿಳಿದರು. ನನ್ನ ಏಳು ವರ್ಷದ ಮಗಳಿಗೆ ಜ್ವರ ಬಿಟ್ಟು ಎರಡೇ ದಿನವಾಗಿತ್ತು. ಅವಳನ್ನು ಅತ್ತೆಯ ಹತ್ತಿರ ಬಿಟ್ಟು ನಾವು ಮೂವರೇ ಮಧ್ಯಾಹ್ನದ ಆಟಕ್ಕೆ ಹೋದೆವು. ನಮ್ಮ ಮನೆಯವರಿಗೆ ಸಿನಿಮಾ ಎಂದರೆ ತಲೆನೋವು, ಅವರು ಬರಲಿಲ್ಲ.

ದೀಪ ಆರಿ, ಪರದೆಯ ಮೇಲೆ ನದಿ ಹರಡಿಕೊಂಡಾಗ ನಾನು ಅತ್ತುಬಿಟ್ಟೆ. ಇನ್ನೂ ಯಾರೂ ಬಂದಿರಲಿಲ್ಲ, ಬರೀ ನೀರು. ಆದರೂ ಅಳು ಬಂತು. ದೂರದಿಂದ ದೋಣಿ ಬಂತು. ಅದರಲ್ಲಿ ಅವನು ನಿಂತಿದ್ದ. ಇಪ್ಪತ್ತು ವರ್ಷ ಅಪ್ಪನ ಕೈಬೀಸಿನಲ್ಲಿ ನೋಡಿದವನು ಈಗ ತನ್ನದೇ ಕಾಲ ಮೇಲೆ ನಿಂತು ಬಂದ. ಅಷ್ಟಕ್ಕೇ ಆ ಸಿನಿಮಾ ಮಾಡಿದವರಿಗೆಲ್ಲ ಕೈ ಮುಗಿಯಬೇಕೆನಿಸಿತು.

ಕೈ ಮುಗಿಯುವಷ್ಟರಲ್ಲಿ ಅವರು ಕೆಡಿಸಲು ಶುರು ಮಾಡಿದರು. ಹುಟ್ಟಿನಿಂದ ಬಡಿಯುವುದು ಒಂದೇ ಸಲ, ಆಮೇಲೆ ಅವನೂ ಎಲ್ಲರ ಹಾಗೆ ಕತ್ತಿ ಹಿಡಿದ. ಅರ್ಧ ಗಂಟೆಗೊಂದು ಕುಣಿತ. ರಾಕ್ಷಸನ ಜಾಗದಲ್ಲಿ ಒಬ್ಬ ಕಳ್ಳಸಾಗಣೆಯವನಂಥ ಸಾಹುಕಾರ. ಅವನ ಎದೆಯೋ, ಮೂವತ್ತನಾಲ್ಕು ಇಂಚೂ ಇರಲಿಕ್ಕಿಲ್ಲ. ಹೊಸ ಹುಡುಗ ಚೆಂದ ಇದ್ದ, ಆದರೆ ತಾನು ಚೆಂದ ಇದ್ದೇನೆ ಎನ್ನುವುದು ಅವನಿಗೆ ಗೊತ್ತಿತ್ತು. ಹಿಂದೆ ರುಮಾಲಿನವನಾಗಿದ್ದ ಹಳೆಯ ನಟನನ್ನು ಅಂಬಿಗರ ಹಿರಿಯನ ಪಾತ್ರದಲ್ಲಿ ಮೂರೇ ದೃಶ್ಯಕ್ಕೆ ತಂದಿದ್ದರು. ಆತ ಗುಡಿಸಲಿನಿಂದ ತಲೆ ಬಗ್ಗಿಸಿ ಹೊರಗೆ ಬಂದಾಗ ಥಿಯೇಟರಿಗೆ ಥಿಯೇಟರೇ ಎದ್ದು ನಿಂತಿತು. ಅಪ್ಪ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, "ಇವನ ನೋಡವ್ವಾ, ಇವನ ಅವ. ಎಷ್ಟ ಸೊರಗ್ಯಾನ" ಎಂದ. ನನ್ನ ಸಿಟ್ಟೆಲ್ಲ ಆ ಗಳಿಗೆಗೆ ಇಳಿಯಿತು.

ಇಂಟರ್‌ವಲ್‌ನಲ್ಲಿ ನಾನು ಕೇಳಿದೆ: "ಅಪ್ಪಾ, ಹಸಿರು ರುಮಾಲು ಅಂತ ಹೇಳಿದ್ದೆಲ್ಲಾ ನೀನು?"

"ಕರಿ ಬಿಳಿ ಪಿಚ್ಚರ್‌ನ್ಯಾಗ ಬಣ್ಣ ಯಾರ್ ಕಂಡಾರ? ಆವತ್ತ ನನ್ನ ಮಷಿನ್ ಮ್ಯಾಲ ಹಸಿರು ಅರಿವಿ ಇತ್ತು, ಹಸಿರು ಅಂದೆ" ಎಂದ. ಎಳ್ಳಷ್ಟೂ ನಾಚಿಕೆಯಿಲ್ಲ. "ಅದಿರಲಿ, ಆ ಹುಡುಗನ ಅಂಗಿ ನೋಡಿದೇನು? ತೋಳಿಗೆಲ್ಲ ಮಷಿನ್ ಹೊಲಿಗಿ. ಆ ಕಾಲದಾಗ ಮಷಿನ್ ಎಲ್ಲಿತ್ತು? ಕೈಹೊಲಿಗಿ ಹಾಕ್ಸಾಕ ಏನಾಗಿತ್ತು ಇವರಿಗೆ?" ಅಪ್ಪನಿಗೆ ಸಿನಿಮಾದ ಮೇಲಿದ್ದ ತಕರಾರು ಅದೊಂದೇ.

ಇಂಟರ್‌ವಲ್ ಆದ ಮೇಲೆ ಆ ದೃಶ್ಯ ಬಂತು. ಮಗ ಹೊರಡುತ್ತಾನೆ. ತಾಯಿ ಬಟ್ಟಲು ಹಿಡಿದು ಎದುರು ನಿಂತಳು. ಈ ಸಲ ಕ್ಯಾಮೆರಾ ಬಟ್ಟಲಿನ ಹತ್ತಿರಕ್ಕೇ ಹೋಯಿತು. ಅದರಲ್ಲಿ ಅನ್ನ ಇರಲಿಲ್ಲ. ಬಿಳಿಯದು ಅಲುಗಾಡುತ್ತಿತ್ತು. ಹಾಲು. ಅವನು ಅದರ ಮೇಲೆ ಅಂಗೈ ಇಟ್ಟು ಹೇಳಿದ. ಜನರೆಲ್ಲ ಅವನ ಜೊತೆಗೇ ಕೂಗಿದರು: "ತಲ್ಲಿ ಪಾಲ ಮೀದ ಒಟ್ಟು!"

ನಳದ ಜಗಳದಲ್ಲಿ ಕಲಿತ ತೆಲುಗು ನನ್ನ ಕಿವಿಯಲ್ಲಿ ತಾನಾಗಿ ಬಿಚ್ಚಿಕೊಂಡಿತು. ಪಾಲು ಎಂದರೆ ತೆಲುಗಿನಲ್ಲಿ ಹಾಲು. ಒಟ್ಟು ಎಂದರೆ ಆಣೆ. ತಾಯಿಯ ಹಾಲಿನ ಮೇಲಾಣೆ, ಅಷ್ಟೇ. ಪಾಲೂ ಇಲ್ಲ, ರಾಶಿ ಒಟ್ಟುವುದೂ ಇಲ್ಲ. ಎಲ್ಲ ವೀರರೂ ಹಾಕುವಂಥದೇ ಒಂದು ಆಣೆಯನ್ನು ನನ್ನ ರುಮಾಲಿನವನೂ ಹಾಕಿದ್ದ. ಊಟದ ಹೊತ್ತಿನಲ್ಲಿ ತಾಯಿಯನ್ನು ನೆನೆಯುವ ವೀರ ಲೋಕದಲ್ಲಿ ಅವನೊಬ್ಬನೇ ಎಂದುಕೊಂಡು ನಾನು ಇಪ್ಪತ್ತು ವರ್ಷ ಅವನನ್ನು ಪ್ರೀತಿಸಿದ್ದೆ. ಅವನು ಹಾಗೆ ಅಂದೇ ಇರಲಿಲ್ಲ. ನನಗೆ ಮೋಸ ಹೋದಂತಾಯಿತು. ಪಕ್ಕದಲ್ಲಿ ಅಪ್ಪ ಕಣ್ಣು ತುಂಬಿಕೊಂಡು ತನ್ನ ಪಾಡಿಗೆ ತಾನು, "ತಾಯಿ ಪಾಲು ಮ್ಯಾಲ ಒಟ್ಟು" ಎಂದು ಗೊಣಗುತ್ತಿದ್ದ.

ನಾನು ಅವನ ಕಡೆ ತಿರುಗಿ ಬಾಯಿ ತೆರೆದೆ. ಇನ್ನೊಂದು ಬದಿಯಿಂದ ಅವ್ವ ನನ್ನ ಮಣಿಕಟ್ಟು ಹಿಡಿದಳು. ಪರದೆ ಕಾಣುವುದಿಲ್ಲ, ಸುಮ್ಮನೆ ಕೂಡು ಎನ್ನುತ್ತಿದ್ದಾಳೆ ಎಂದುಕೊಂಡು ಸುಮ್ಮನಾದೆ. ಮನೆಗೆ ಹೋದ ಮೇಲೆ ಹೇಳಿಯೇ ತೀರುತ್ತೇನೆ ಎಂದು ತೀರ್ಮಾನಿಸಿದೆ.

ಮನೆಗೆ ಬಂದರೆ ಮಗಳು ಬಾಗಿಲಲ್ಲೇ ಕಾದಿದ್ದಳು. "ತಾತಾ, ಕತಿ ಹೇಳು" ಎಂದು ಅಪ್ಪನನ್ನು ಎಳೆದುಕೊಂಡು ಹೋಗಿ ಪಡಸಾಲೆಯಲ್ಲಿ ಕೂರಿಸಿದಳು. ಅತ್ತೆಯೂ ಹತ್ತಿ ಬತ್ತಿ ಹೊಸೆಯುತ್ತ ಅಲ್ಲೇ ಕೂತರು. ನಾನು ಒಲೆ ಹಚ್ಚಿ ರೊಟ್ಟಿಗೆ ಕೂತೆ. ಅವ್ವ ಪಲ್ಲೆ ಸೋಸುತ್ತಿದ್ದಳು. ಪಡಸಾಲೆಯಿಂದ ಅಪ್ಪನ ದನಿ ಕೇಳುತ್ತಿತ್ತು. ಈಗಷ್ಟೇ ನೋಡಿ ಬಂದ ಕೆಂಪು ರುಮಾಲು ಆಗಲೇ ಹಸಿರಾಗಿತ್ತು. ಸಾಹುಕಾರನ ಎದೆ ನಲವತ್ತೆಂಟು ಇಂಚಿಗೆ ಏರಿತ್ತು.

"ಅವ್ವಾ, ಅಪ್ಪ ಆ ಮಾತನ್ನ ತಪ್ಪು ತಿಳಕೊಂಡಾನ. ಅದು ಪಾಲಲ್ಲ, ಹಾಲು. ನಾ ಈಗ ಹೋಗಿ ಹೇಳ್ತೀನಿ, ಇಲ್ಲಂದ್ರ ಈ ಹುಡುಗೀನೂ ತಪ್ಪ ಕಲೀತಾಳ" ಎಂದೆ.

ಅವ್ವ ಪಲ್ಲೆಯಿಂದ ತಲೆ ಎತ್ತಲಿಲ್ಲ. "ನನಗ ಮೊದಲನೇ ದಿನನ ಗೊತ್ತಿತ್ತು" ಎಂದಳು.

ನಾನು ಹಿಟ್ಟಿನ ಕೈಯಲ್ಲೇ ಅವಳ ಕಡೆ ತಿರುಗಿದೆ.

"ಸಿರುಗುಪ್ಪದಾಗ ನಮ್ಮ ಓಣಿಗೆ ಹಾಲು ಮಾರಾಕಿ ದಿನಾ ಮುಂಜಾನೆ ಪಾಲು, ಪಾಲು ಅಂತ ಒದರಿಕೋಂತ ಬರ್ತಿದ್ಲು. ನನಗ ಗೊತ್ತಾಗೂದಿಲ್ಲೇನ?"

"ದೋಣಿ ತಪ್ಪು ತಿರುವಿದ್ರ ತಿದ್ದತಿದ್ದೆಲ್ಲಾ! ಇದನ್ನ ಯಾಕ ಹೇಳಲಿಲ್ಲ?"

"ಹೇಳಿದ್ರ ಏನ್ ಬರ್ತಿತ್ತು? ನಿಮ್ಮಪ್ಪನ ಮಾರಿ ಸಣ್ಣದಾಗ್ತಿತ್ತು, ನನ್ನ ರೊಟ್ಟಿ ತಣ್ಣಗಾಗ್ತಿತ್ತು." ಅವ್ವ ಈಗ ನನ್ನ ಕಡೆ ನೋಡಿದಳು. "ಆ ಮನಿಗೆ ಬಂದು ಒಂಬತ್ತು ವರ್ಷ ಆಗಿತ್ತು ನನಗ. ಬಿಸಿ ರೊಟ್ಟಿ ಹೆಂಗಿರ್ತೈತಿ ಅಂತ ಮರತಿದ್ದೆ. ಆ ಸಣ್ಣ ಹುಡುಗ ಒಟ್ಟಿ ಕೊಟ್ಟ. ಅದನ್ನ ಕಳಕೊಳ್ಳಾಕ ನಾ ಏನ್ ಹುಚ್ಚೀ ಏನ?"

ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಆದರೂ ನನ್ನ ಚಾಳಿ ಬಿಡಲಿಲ್ಲ. "ಕೌಲ್ ಬಜಾರ್‌ನ್ಯಾಗ ಅಷ್ಟ ವರ್ಷ ಚಾ ಕುಡದ ಮನಷ್ಯಾಗ ಪಾಲು ಅಂದ್ರ ಹಾಲು ಅಂತ ಗೊತ್ತಿರಲಿಲ್ಲೇನ?" ಎಂದೆ.

"ಅದನ್ನ ನಾ ಕೇಳಿಲ್ಲ. ನೀನೂ ಕೇಳಬ್ಯಾಡ" ಎಂದಳು ಅವ್ವ.

ಪಡಸಾಲೆಯಲ್ಲಿ ಅಪ್ಪ ಬಟ್ಟಲಿನ ಹತ್ತಿರ ಬಂದಿದ್ದ. ಬಟ್ಟಲ ತುಂಬ ಅನ್ನ ಎಂದ. ಮಗ ಅಂಗೈ ಇಟ್ಟ ಎಂದ. ನಾನು ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ ಸುಮ್ಮನೆ ಕೇಳಿದೆ. "ತಾಯಿ ಪಾಲು ಮ್ಯಾಲ ಒಟ್ಟು" ಎಂದು ಅಪ್ಪ ಹೇಳಿದ. ಕಣ್ಣೆದುರಿಗೆ ಒಂದು ತಪ್ಪು ನಡೆದುಹೋದರೂ ನಾನು ತಿದ್ದದೆ ಬಿಟ್ಟದ್ದು ಅದೇ ಮೊದಲು.

ಅವತ್ತು ನನಗೆ ಆ ಹೊಸ ಸಿನಿಮಾದ ಮೇಲಿದ್ದ ಸಿಟ್ಟು ಹೋಯಿತು. ಕುಣಿತ, ಕತ್ತಿ, ಕೆಂಪು ರುಮಾಲು, ಎಲ್ಲವನ್ನೂ ಕ್ಷಮಿಸಿದೆ. ಅದು ಬರದೇ ಹೋಗಿದ್ದರೆ ನಾನು ಯಾರ ಅಭಿಮಾನಿಯಾಗಿದ್ದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ಅವನು ಪರದೆಯ ಮೇಲಿನವನಲ್ಲ. ಅವನನ್ನು ಅರ್ಧ ಅಪ್ಪ ಹೊಲಿದಿದ್ದ, ಉಳಿದರ್ಧವನ್ನು ಅವ್ವ ಬಾಯಿ ಮುಚ್ಚಿಕೊಂಡು ಕಾಪಾಡಿದ್ದಳು. ಇಬ್ಬರಿಗೂ ನಾನು ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಊಟಕ್ಕೆ ತಾಟು ಹಾಕಿದೆ. ನಮ್ಮ ಮನೆಯವರಿಗೆ, ಅಪ್ಪನಿಗೆ, ಮಗಳಿಗೆ. ಅವ್ವ ಮತ್ತು ಅತ್ತೆ ಆಮೇಲೆ. ಎಲ್ಲರದ್ದೂ ಮುಗಿದ ಮೇಲೆ ನಾನು. ಮೊದಲ ಬಿಸಿ ರೊಟ್ಟಿಯನ್ನು ಮಗಳ ತಾಟಿಗೆ ಹಾಕಲು ಬಗ್ಗಿದರೆ ಅವಳು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದಳು.

"ಮೊದಲು ನಿನ್ನ ಪಾಲು."

"ನಂದು ಆಮ್ಯಾಲ. ನೀ ಉಣ್ಣು."

"ಇಲ್ಲ. ನಿನ್ನ ತಾಟು ಎಲ್ಲೈತಿ?"

ನಾನು ಸುತ್ತ ನೋಡಿದೆ. ಅವ್ವ ಏಳುತ್ತ, "ನಾ ತರ್ತೀನಿ ತಡಿ. ಯಾವದು ನಿನ್ನ ತಾಟು?" ಎಂದು ಕೇಳಿದಳು. ನಮ್ಮ ಮನೆಯವರು ಗೋಡೆಗೂಡಿನಲ್ಲಿದ್ದ ತಾಟುಗಳ ಕಡೆ ನೋಡಿದರು, ಅವರಿಗೂ ಗೊತ್ತಾಗಲಿಲ್ಲ. ಆ ಮನೆಯಲ್ಲಿ ನನ್ನದೆಂಬ ತಾಟೇ ಇರಲಿಲ್ಲ. ಒಂಬತ್ತು ವರ್ಷದಿಂದ ನಾನು ಯಾರೋ ಉಂಡೆದ್ದ ತಾಟನ್ನು ನೀರು ಹಾಕಿ ಗಲಬರಿಸಿಕೊಂಡು ಅದರಲ್ಲೇ ಉಣ್ಣುತ್ತಿದ್ದೆ. ಮಕ್ಕಳ ಕಾಗುಣಿತ ತಿದ್ದುವ ನನಗೆ ಇದು ಒಂದು ದಿನವೂ ತಪ್ಪಾಗಿ ಕಂಡಿರಲಿಲ್ಲ.

ಬತ್ತಿ ಹೊಸೆಯುತ್ತಿದ್ದ ಅತ್ತೆ ಎದ್ದು ಒಳಕೋಣೆಗೆ ಹೋದರು. ಟ್ರಂಕು ತೆಗೆದ ಸದ್ದು ಕೇಳಿತು. ನನ್ನ ಮದುವೆಯಲ್ಲಿ ತವರಿನಿಂದ ಬಂದು ಅಂದಿನಿಂದ ಕಟ್ಟಿಟ್ಟಿದ್ದ ಸ್ಟೀಲ್ ತಾಟನ್ನು ಸೆರಗಿನಿಂದ ಒರೆಸುತ್ತ ಹೊರಗೆ ಬಂದು, ಮೊಮ್ಮಗಳ ಪಕ್ಕದಲ್ಲಿ ಇಟ್ಟರು. ಅದರ ಅಂಚಿಗೆ ನನ್ನ ಹೆಸರು ಕೊರೆದಿತ್ತು.

"ಕೂಡು. ರೊಟ್ಟಿ ನಾ ಬಡೀತೀನಿ" ಎಂದರು ಅತ್ತೆ.

ನಾನು ಕೂತೆ.